ಸ್ಕೇಲ್ ಮಾಮನ ಗಾಜಿನ ಪೆಟ್ಟಿಗೆಗಳು

ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದ ಸಹಾಯಕನಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕೆಲ್ಲ ಕಡೆ ಅವನು ಸ್ಕೇಲ್ ಮಾಮ. ಅಂಗಿಯ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲ್ ಇಲ್ಲದೆ ಅವನನ್ನು ಕಂಡವರಿಲ್ಲ. ಮದುವೆಯ ಫೋಟೋದಲ್ಲಿಯೂ ಅದು ಇಣುಕುತ್ತದೆ. "ಆವತ್ತೇ ನಾನು ಎಚ್ಚೆತ್ಕೋಬೇಕಿತ್ತು" ಎಂದು ಹೆಂಡತಿ ಇಪ್ಪತ್ತೇಳು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. ಮಗಳು ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತಿಸುತ್ತಿದ್ದ. ಯಾವ ಮಗುವೂ ವಾರದ ಲೆಕ್ಕದಲ್ಲಿ ಬೆಳೆಯುವುದಿಲ್ಲವಾದ್ದರಿಂದ, ಗೀಟಿನ ಮೇಲೆ ಗೀಟು ಬಿದ್ದು ಚೌಕಟ್ಟಿನಲ್ಲಿ ಅಲ್ಲಲ್ಲಿ ಕಚ್ಚುಗಳೇ ಆಗಿದ್ದವು.

ಅವನ ಹೆಮ್ಮೆಯೆಲ್ಲ ಐದು ಪೆಟ್ಟಿಗೆಗಳಲ್ಲಿತ್ತು. ಮೂರು ಬದಿ ಮರ, ಒಂದು ಬದಿ ಗಾಜು; ಒಳಗೆ ಮಣ್ಣು, ಅದರಲ್ಲಿ ಮೆಕ್ಕೆಜೋಳದ ಬೀಜ. ಗಾಜಿಗೆ ಅಂಟಿಕೊಂಡು ಇಳಿಯುವ ಬೇರುಗಳನ್ನು ನೋಡಿ ವಿದ್ಯಾರ್ಥಿಗಳು ಚಿತ್ರ ಬರೆಯಬೇಕು. ಬೇರಿಗೆ ಬೆಳಕು ಆಗಿಬರದು. ಅದಕ್ಕೆಂದೇ ಹಳೆಯ ಕೊಡೆಗಳ ಕಪ್ಪು ಬಟ್ಟೆ ಬಿಚ್ಚಿ, ಹೆಂಡತಿಯಿಂದ ಅಂಚು ಹೊಲಿಸಿ, ಪ್ರತಿ ಗಾಜಿಗೂ ಒಂದು ಮುಸುಕು ಹಾಕಿದ್ದ. "ಬೇರಿಗೆ ಏನು ಬೇಕು? ಕತ್ತಲೆ, ಸಡಿಲ ಮಣ್ಣು, ಹದವಾದ ನೀರು, ಉಸಿರಾಡೋಕೆ ಒಂಚೂರು ಗಾಳಿ. ಅದರಾಚೆಗೆ ಅದನ್ನ ಅದರ ಪಾಡಿಗೆ ಬಿಡಬೇಕು" ಎಂದು ಅವನು ಹೇಳುತ್ತಿದ್ದ ಪಾಠ ಎಷ್ಟೋ ತಂಡಗಳನ್ನು ಪಾಸು ಮಾಡಿಸಿತ್ತು.

ಆಗ ಮೂರು ಪ್ರಯೋಗಾಲಯಗಳ ಹೊಣೆ ಅವನ ತಲೆಯ ಮೇಲಿತ್ತು. ಎರಡು ವರ್ಷಗಳ ಹಿಂದೆ ಕೆಲಸ ಹಗುರವಾಯಿತು. ಬಿಡುವು ಸಿಕ್ಕಿದ್ದರಿಂದ ಅವನು ಪೆಟ್ಟಿಗೆಗಳನ್ನು ಪ್ರೀತಿಸತೊಡಗಿದ. ಅಂದಿನಿಂದ ಗಾಜಿನಲ್ಲಿ ಒಂದು ಬೇರೂ ಕಾಣಲಿಲ್ಲ.

ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥೆ ಅವನನ್ನು ಕರೆಸಿದರು.

"ಮಾಮ, ಬರೀ ಮಣ್ಣು ನೋಡೋಕೆ ಮಕ್ಕಳು ಕಾಲೇಜಿಗೆ ಬರಬೇಕಾ? ವಿಡಿಯೋ ತೋರಿಸಿದ್ರೆ ಐದು ನಿಮಿಷದ ಕೆಲಸ."

"ವಿಡಿಯೋದ ಬೇರನ್ನ ಅಳೆಯೋಕಾಗಲ್ಲ ಮೇಡಂ."

"ಸರಿ, ಮೂರು ವಾರ ಕೊಡ್ತೀನಿ. ಅದಾದ ಮೇಲಿನ ಸೋಮವಾರದ ತರಗತಿಯಲ್ಲಿ ಬೇರು ಕಾಣ್ಲಿಲ್ಲ ಅಂದ್ರೆ ಪೆಟ್ಟಿಗೆಗಳೆಲ್ಲ ಸ್ಟೋರ್ ರೂಮಿಗೆ."

ಸ್ಟೋರ್ ರೂಮಿಗೆ ಹೋದ ವಸ್ತು ಮರಳಿ ಬಂದ ದಾಖಲೆ ಆ ಕಾಲೇಜಿನಲ್ಲಿರಲಿಲ್ಲ. ಮಾಮ ಅಂದೇ ಮಣ್ಣು ಜರಡಿ ಹಿಡಿದು ಐದು ಪೆಟ್ಟಿಗೆಗಳಿಗೂ ಬೀಜ ಹಾಕಿದ. ಐದನೆಯದರ ಗಾಜು ಬಿರುಕು ಬಿಟ್ಟಿರುವುದು ಆಮೇಲೆ ಕಣ್ಣಿಗೆ ಬಿತ್ತು. ಕಸ ಗುಡಿಸುವ ಅಕ್ಕ ಅಲ್ಲೇ ನಿಂತಿದ್ದಳು.

"ಅಣ್ಣಾ, ಅದು ಬೇಡ ಅಂದ್ರೆ ನಂಗೆ ಕೊಡು. ಸ್ಟೋರ್ ರೂಮಿನ ಬಾಗಿಲು ಗಾಳಿಗೆ ಢಬಾರ್ ಅಂತ ಹೊಡ್ಕೊಳ್ತಿದೆ, ಒತ್ತು ಕೊಡ್ತೀನಿ."

"ತಗೊಂಡು ಹೋಗಕ್ಕಾ. ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಅವಳು ತೆರೆದ ಬಾಗಿಲಿಗೆ ಪೆಟ್ಟಿಗೆಯನ್ನು ಓರೆಯಾಗಿ ಒರಗಿಸಿದಳು. ಒಡಕು ಗಾಜು ಯಾರ ಕಾಲಿಗೂ ತಾಗದಿರಲೆಂದು ಆ ಮುಖವನ್ನು ಬಾಗಿಲ ಕಡೆಗೇ ತಿರುಗಿಸಿದಳು.

ಉಳಿದ ನಾಲ್ಕರ ಪಾಡು ಹೇಳತೀರದು. ಮಾಮ ಬೆಳಿಗ್ಗೆ ಬಂದೊಡನೆ ಮುಸುಕೆತ್ತಿ ನೋಡುವನು. ಚೀಲ ಇಟ್ಟು ಬಂದು ಇನ್ನೊಮ್ಮೆ ನೋಡುವನು. ಮಣ್ಣು ಉಬ್ಬುತಗ್ಗಾಗಿ ಕಂಡರೆ ಮನಸ್ಸು ತಡೆಯದೆ ಅಂಗೈಯಿಂದ ತಟ್ಟಿ ನುಣ್ಣಗೆ ಮಾಡುವನು. ಸಂಜೆ ಬೀಗ ಹಾಕುವ ಮುನ್ನ, ಪಾಪ, ಬಾಯಾರಿದ್ದರೆ ಎಂದು ಒಂದೊಂದು ಲೋಟ ಹೆಚ್ಚಿನ ನೀರು. ಮಾಡಿದ್ದೆಲ್ಲವನ್ನೂ ಗಂಟೆ, ನಿಮಿಷ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುವನು.

"ನೋಡೋಕೆ ಏನೂ ಇಲ್ಲ ಅಂತೀರಿ, ಮತ್ಯಾಕ್ರೀ ಅಷ್ಟು ಸಲ ನೋಡ್ತೀರಿ?" ಎಂದು ಹೆಂಡತಿ ಕೇಳಿದಳು. "ಹಾಸ್ಟೆಲ್‌ನಿಂದ ಮಗಳು ಫೋನ್ ಮಾಡಿದ್ರೆ ಮೊದಲು ಕೇಳೋದೇನು ಗೊತ್ತಾ? ಅಪ್ಪ ಪಕ್ಕದಲ್ಲಿದ್ದಾರಾ ಅಂತ."

"ಅವಳಿಗೂ ಬೇರಿಗೂ ಏನೇ ಸಂಬಂಧ?"

"ನಂಗೇನು ಗೊತ್ತು, ನಾನೇನು ಕಾಲೇಜಲ್ಲಿ ಕೆಲಸ ಮಾಡ್ತೀನಾ?"

ಸೋಮವಾರ ಬಂತು. ಮೇಡಂ ಕೈಕಟ್ಟಿ ನಿಂತರು. ಇಪ್ಪತ್ತು ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಸುತ್ತುವರಿದರು. ಮಾಮ ಒಂದೊಂದಾಗಿ ಮುಸುಕು ತೆಗೆದ. ಮಣ್ಣು, ಮಣ್ಣು, ಮಣ್ಣು, ಕೊನೆಯದರಲ್ಲಿ ಕೆಸರು.

"ಬೇರು ಎಲ್ಲಿ ಮಾಮ?" ಎಂದಳು ಮುಂದಿದ್ದ ಹುಡುಗಿ.

"ಇದೆಯಮ್ಮ. ಒಳಗಡೆ ಇದೆ."

"ಸ್ಟೋರ್ ರೂಮ್" ಎಂದರು ಮೇಡಂ, ಮೆತ್ತಗೆ. ಆ ಮೆತ್ತನೆಯ ದನಿಯೇ ಅವನಿಗೆ ಹೆಚ್ಚು ನಾಟಿತು. ಬೇರೆಯವರ ಕೈಗೆ ಕೊಡಲಾರದೆ ಮೊದಲ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ನಡೆದ. ಮೆರವಣಿಗೆಯಂತೆ ತರಗತಿಯೂ ಹಿಂದೆ ಬಂತು. ಅವನಿಗೆ ದಾರಿ ಬಿಡಲೆಂದು ಅಕ್ಕ ಬಾಗಿಲಿಗೆ ಒರಗಿಸಿದ್ದ ಪೆಟ್ಟಿಗೆಯನ್ನು ಎತ್ತಿ ಈಚೆಗೆ ತಿರುಗಿಸಿದಳು.

ಬಿರುಕು ಬಿಟ್ಟ ಗಾಜಿನ ತುಂಬ, ಮೇಲಿಂದ ಕೆಳತನಕ, ಬೆಳ್ಳಗಿನ ಬೇರುಗಳು ಜಾಲರಿ ನೇಯ್ದಿದ್ದವು.

ಮಾಮ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಮಂಡಿಯೂರಿ, ಸ್ಕೇಲನ್ನು ಮೂರು ಸಲ ಇಟ್ಟು ಅಳೆದ. "ನಲವತ್ತೊಂದು ಸೆಂಟಿಮೀಟರ್" ಎಂದ.

"ಯಾರು ಮಾಡಿದ್ದು ಇದನ್ನ?" ಎಂದರು ಮೇಡಂ.

ಅಕ್ಕ ಗಾಬರಿಯಾದಳು. "ನಾನೇನೂ ಮಾಡಿಲ್ಲ ಮೇಡಂ! ಬಕೆಟ್ಟಲ್ಲಿ ಉಳಿದ ಚೂರು ನೀರು ಹಾಕಿದ್ದೀನಿ, ಅದೂ ನೆನಪಾದಾಗ. ಸೋಪಿನ ನೀರಲ್ಲ, ಆಣೆಗೂ!"

ಒಂದು ಸುಳ್ಳು ಹೇಳಿ ಮರ್ಯಾದೆ ಉಳಿಸಿಕೊಳ್ಳುವಷ್ಟು ಅವಕಾಶ ಮಾಮನಿಗಿತ್ತು. ಅವನು ನೋಟ್‌ಬುಕ್ ತೆಗೆದ.

"ಬರ್ಕೊಳ್ಳಿ ಮಕ್ಕಳೇ. ಇದರ ಗಾಜು ಕತ್ತಲಲ್ಲಿತ್ತು, ಮಣ್ಣು ಸಡಿಲವಾಗಿತ್ತು, ನೀರು ಮಿತವಾಗಿತ್ತು. ಓರೆಯಾಗಿ ನಿಲ್ಲಿಸಿದ್ರಿಂದ ನೇರ ಕೆಳಗೆ ಹೊರಟ ಬೇರು ಗಾಜಿಗೇ ಬಂದು ತಾಗಿತು. ಆ ನಾಲ್ಕರಲ್ಲಿ..." ಎಂದು ಕನ್ನಡಕ ಸರಿಪಡಿಸಿಕೊಂಡ. "ನಾನು ಮುಸುಕೆತ್ತಿದ್ದು ನೂರಾ ಎಂಬತ್ತೇಳು ಸಲ. ಮಣ್ಣು ತಟ್ಟಿದ್ದು ಅರವತ್ತೆರಡು ಸಲ. ಹೆಚ್ಚಿಗೆ ಹಾಕಿದ ನೀರು ಎಪ್ಪತ್ತೆರಡು ಲೋಟ."

ಯಾರೋ ಕಿಸಕ್ಕೆಂದರು. ಮೇಡಂ ಮಾತ್ರ ನೋಟ್‌ಬುಕ್ಕನ್ನು ಇಸಿದುಕೊಂಡು, ನಿಂತಲ್ಲೇ ಪುಟ ತಿರುವುತ್ತ ಓದಿದರು.

"ಮಾಮ, ಇಷ್ಟು ನೀಟಾಗಿ ಕೆಡಿಸಿ, ಇಷ್ಟು ನೀಟಾಗಿ ಬರೆದಿಟ್ಟವರನ್ನ ನಾನು ನೋಡಿಲ್ಲ. ಪೆಟ್ಟಿಗೆ ಐದೂ ಇರಲಿ. ಆದ್ರೆ ಮುಂದಿನ ಸಲ ಪೆಟ್ಟಿಗೆ ಇಡೋ ಕೋಣೆಯ ಕೀಲಿ ಅಕ್ಕನ ಹತ್ತಿರ ಇರುತ್ತೆ."

ಮುಂದಿನ ಬಿತ್ತನೆಯಾದ ಮರುದಿನವೇ ಮಾಮ ಅಕ್ಕನೆದುರು ನಿಂತಿದ್ದ.

"ಅಕ್ಕಾ, ಒಂದೇ ಒಂದು ಸಲ."

"ಗುರುವಾರ ಬಾ ಅಣ್ಣಾ."

"ಈ ಗುರುವಾರಾನಾ?"

"ಮೂರನೇ ಗುರುವಾರ."

ಅವಳು ಪೊರಕೆ ಹಿಡಿದು ಮೂಲೆ ತಿರುಗುವುದನ್ನೇ ಕಾದು, ಅವನು ಬಗ್ಗಿ ಬಾಗಿಲ ಕೆಳಗಿನ ಸಂದಿಗೆ ಸ್ಕೇಲ್ ಇಟ್ಟ. ನಾಲ್ಕು ಮಿಲಿಮೀಟರ್. ಬರೆದುಕೊಂಡ.