ವತ್ಸಲಾಬಾಯಿಯ ಮಾತಿನ ಕೋಣೆ

ಬೀದರಿನ ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ವತ್ಸಲಾಬಾಯಿ ಒಂದು ಕೋಣೆ ಹಿಡಿದಿದ್ದರು. ಕಿವಿ ಕೇಳದ ಮಕ್ಕಳಿಗೆ ಕೇಳುವುದನ್ನೂ ಮಾತಾಡುವುದನ್ನೂ ಅಲ್ಲಿ ಕಲಿಸುತ್ತಿದ್ದರು. ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು, ಲಾರಿಗಳ ಹಾರ್ನ್ ಒಳಗೆ ಬಾರದಿರಲೆಂದು ಕಿಟಕಿಗೆ ಹಳೆಯ ಗಾದಿ ಒತ್ತಿಟ್ಟು ಪಾಠ ಶುರು ಮಾಡುವರು.

ಅವರ ಮಗ ಮಂಗೇಶನಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಅದು ಗೊತ್ತಾದಾಗ ಅವನಿಗೆ ಆರು ವರ್ಷ. "ಗಂಡು ಹುಡುಗ್ರು ತಡಾ ಮಾಡೇ ಮಾತಾಡ್ತಾವ" ಎಂದ ಅತ್ತೆಯ ಮಾತನ್ನು ನಂಬಿ ಕೂತಿದ್ದರು. ಕರೆದರೆ ತಿರುಗದ ಮಗನನ್ನು ಹಟಮಾರಿ ಎಂದುಕೊಂಡು ಎಷ್ಟೋ ಸಲ ಹೊಡೆದೂ ಇದ್ದರು. ಆಮೇಲೆ ಕಿವಿಗೆ ಮಷಿನ್ ಹಾಕಿಸಿದರು. ಅವನಿಗೆ ಸದ್ದು ಕೇಳಿತು, ಮಾತು ಹಿಡಿಯಲಿಲ್ಲ. ಅವನಿಗೆಂದೇ ಊರು ಬಿಟ್ಟು ಹೋಗಿ ಈ ವಿದ್ಯೆ ಕಲಿತರು. ಅದು ಕೈಗೆ ಬರುವಷ್ಟರಲ್ಲಿ ಅವನಿಗೆ ಹನ್ನೊಂದು ತುಂಬಿತ್ತು, ಮಾತು ಹಿಡಿಯುವ ವಯಸ್ಸು ದಾಟಿತ್ತು. ತಾಯಿ ಮಗನ ನಡುವೆ ಕೈಸನ್ನೆಯೇ ಉಳಿಯಿತು. ಈಗ ಅವನು ಇಪ್ಪತ್ತಾರರ ಗಂಡಸು, ಭಾಲ್ಕಿಯ ಹಿಟ್ಟಿನ ಗಿರಣಿಯಲ್ಲಿ ಕೆಲಸ.

ಹೋದ ವರ್ಷ ಔರಾದದ ಫಕ್ರುನ್ನಿಸಾ ಎರಡು ವರ್ಷದ ಮಗಳು ಫರ್ಹೀನಳನ್ನು ಎತ್ತಿಕೊಂಡು ಬಂದಳು. ಮಗುವಿನ ಕಿವಿಗಳಲ್ಲಿ ಹೊಸ ಮಷಿನ್ನುಗಳು.

"ಮೇಡಂರೀ, ಮನ್ಯಾಗ ನಾವು ಉರ್ದು ಮಾತಾಡ್ತೇವ್ರಿ. ಇಕಿಗಿ ಕನ್ನಡ ಕಲಿಸಬೇಕೇನ್ರಿ?"

"ಬ್ಯಾಡವ್ವಾ. ನೀ ಯಾವ ಮಾತಿನಾಗ ಮುದ್ದು ಮಾಡ್ತಿ, ಯಾವ ಮಾತಿನಾಗ ಬೈತಿ, ಅದನ್ನೇ ಕೇಳ್ಲಿ. ರೊಟ್ಟಿ ಮಾಡೂವಾಗ, ತಲಿ ಬಾಚೂವಾಗ ಮಾತಾಡ್ಕೋತ ಇರು. ಮಷಿನ್ ಮಾತ್ರ ತೆಗೀಬ್ಯಾಡ."

ವಾರಕ್ಕೆರಡು ಸಲ ಔರಾದದಿಂದ ಬಸ್ಸು ಹತ್ತಿ ತಾಯಿ ಮಗಳು ಬಂದರು. ತುಟಿ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ವತ್ಸಲಾಬಾಯಿ "ಆ..." ಎನ್ನುವರು. ಕೇಳಿದೊಡನೆ ಮಗು ಬಟ್ಟಲಿಗೆ ಒಂದು ಬಳೆ ಹಾಕಬೇಕು. ಮೊದಲ ಬಳೆ ಬೀಳಲು ಮೂರು ವಾರ ಹಿಡಿಯಿತು.

ಪಾಠ ಶುರುವಾಗಿ ಹನ್ನೊಂದನೇ ತಿಂಗಳು. ಗಿರಣಿಗೆ ರಜೆಯಿದ್ದ ಒಂದು ದಿನ, ಕಿಟಕಿಗೆ ಹೊಸ ಗಾದಿ ಬಡಿದುಕೊಡಲು ಮಂಗೇಶನೂ ಬಂದಿದ್ದ. ಮಗುವಿನ ಬೆನ್ನ ಹಿಂದೆ ಕೂತಿದ್ದ ಫಕ್ರುನ್ನಿಸಾ ಮೆಲ್ಲಗೆ, "ಫರ್ಹೀನ್" ಎಂದಳು. ಮಗು ತಿರುಗಿತು. "ಅಮ್ಮೀ" ಎಂದಿತು. ಫಕ್ರುನ್ನಿಸಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸುತ್ತಿಗೆ ಹಿಡಿದ ಮಂಗೇಶ ಎಲ್ಲವನ್ನೂ ನೋಡುತ್ತ ನಿಂತಿದ್ದ.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಅವನು ಸನ್ನೆಯಲ್ಲಿ ಕೇಳಿದ: ಹಿಂದಿನಿಂದ ಕರೆದರೆ ಆ ಹುಡುಗಿ ತಿರುಗಿದಳು. ನನಗೆ ಯಾಕೆ ಹೀಗೆ ಕಲಿಸಲಿಲ್ಲ?

ಆ ಕಾಲಕ್ಕೆ ಇಲ್ಲಿ ಹೇಳಿಕೊಡುವವರೇ ಇರಲಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಹಾಗೆನ್ನಲು ವತ್ಸಲಾಬಾಯಿಗೆ ಕೈ ಬರಲಿಲ್ಲ. ತಡ ಮಾಡಿದೆ, ಎಂದು ಸನ್ನೆ ಮಾಡಿದರು. ನಿನಗೆ ಕೇಳುವುದಿಲ್ಲವೆಂದು ತಿಳಿಯದೆ ಹೊಡೆದೆ.

ಮಂಗೇಶ ತನ್ನ ಕೆನ್ನೆ ಮುಟ್ಟಿ ತೋರಿಸಿದ. ಅವನಿಗೆ ನೆನಪಿತ್ತು.

ಅವರು ಇನ್ನೂ ಏನೋ ಹೇಳಲು ಕೈ ಎತ್ತಿದರು. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಕಣ್ಣು ಮುಚ್ಚಿದ ಮಗನಿಗೆ ಯಾವ ಮಾತನ್ನೂ ಮುಟ್ಟಿಸಲಾಗದು. ಭಾಲ್ಕಿ ಬರುವವರೆಗೆ ವತ್ಸಲಾಬಾಯಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಫರ್ಹೀನ ಈಗ ಅಂಗನವಾಡಿಗೆ ಹೋಗುತ್ತಾಳೆ, ಬಾಯಿಗೆ ಬಿಡುವಿಲ್ಲ. ಮಂಗೇಶ ತಾಯಿಯ ಎದುರು ಕೂತು ಊಟ ಮಾಡುತ್ತಾನೆ, ಸಂತೆಗೆ ಜೊತೆಯಾಗುತ್ತಾನೆ. ಆದರೆ ಬೀದರಿನ ಆ ಕೋಣೆಗೆ ಮತ್ತೆ ಕಾಲಿಟ್ಟಿಲ್ಲ. ಅವರೂ ಕರೆದಿಲ್ಲ.