ಮಾಮಿಯ ಮೂಗು ಮತ್ತು ಗೋಡೆಯ ಮೇಲಿನ ಸಂದು

ಮಾಮಿಯ ಮೂಗು ಉದ್ದ, ತುದಿಯಲ್ಲಿ ತುಸು ಬಾಗಿದ್ದು. ಎಡ ಹೊಳ್ಳೆಯಲ್ಲಿ ಕೆಂಪು ಹರಳಿನ ಮೂಗುತಿ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದಾಗ ಆ ಹರಳು ಆವಿ ಕೂತು ಮಸುಕಾಗುತ್ತಿತ್ತು. ಅವರು ಸೆರಗಿನ ಅಂಚಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಕಾಪುವಿನ ನಮ್ಮ ಕೇರಿಯಲ್ಲಿ ಈಗ ಅವರ ಬಗ್ಗೆ ಹೇಳುವುದೆಲ್ಲ ಆ ಮೂಗಿನ ಕಥೆಯೇ.

ಅವರು ತೀರಿಕೊಂಡು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕೂತಾಗಲೂ ಅದೇ ಕಥೆ. ನನ್ನ ಪಕ್ಕದ ಎಲೆಯಲ್ಲಿದ್ದ ಹಿರಿಯರೊಬ್ಬರು ಸಾರು ಹೀರುತ್ತ ಶುರು ಮಾಡಿದರು. "ಅವರ ಮೂಗು ಅಂದ್ರೆ ಎಂತದ್ದು ಗೊತ್ತುಂಟಾ? ಗೇಟಿನ ಹತ್ತಿರ ನಿಂತರೆ ಸಾಕು, ಯಾವ ರೂಮಿನಲ್ಲಿ ವೇಪ್ ಎಳೀತಿದ್ದಾರೆ ಅಂತ ಹೇಳ್ತಿದ್ರು. ಬಾಡಿಗೆಗೆ ಬಂದ ಆ ಹುಬ್ಬಳ್ಳಿ ಹುಡುಗರನ್ನು ಹಿಡಿಸೂಡಿ ಹಿಡಿದೇ ಓಡಿಸಿದ್ದು!"

"ನೀವು ನೋಡಿದ್ದೀರಾ?" ಎಂದೆ.

"ನೋಡುವುದೆಂತ ಮಾರಾಯ್ತಿ, ಊರಿಗೇ ಗೊತ್ತುಂಟು."

ಊರಿಗೇ ಗೊತ್ತು ಎನ್ನುವುದನ್ನು ಕಾಲೇಜಿನಲ್ಲಿ ನಾನು ಭಾಗವಹಿಸುವ ಚರ್ಚಾಸ್ಪರ್ಧೆಗಳಲ್ಲಿ ಯಾರೂ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಸಾಕ್ಷ್ಯ ಅಲ್ಲೇ ಕೂತಿತ್ತು: ಎರಡು ಎಲೆ ಆಚೆ ಅದೇ ಹುಬ್ಬಳ್ಳಿಯ ಹುಡುಗರು ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಪೊರಕೆ ಹಿಡಿದು ಓಡಿಸಿಕೊಂಡವರು ಅಷ್ಟು ದೂರದಿಂದ ಬೊಜ್ಜಕ್ಕೆ ಬರುತ್ತಾರೆಯೇ? ಇನ್ನು ಮೂಗಿನ ವಿಷಯ. ಮಾಮಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಕೊರೋನಾ ಕಾಲದ ಜ್ವರ ಬಿಟ್ಟ ಮೇಲೆ ಅದು ಹೋದದ್ದು, ಮತ್ತೆ ಬರಲಿಲ್ಲ.

ಇದು ಗೊತ್ತಿದ್ದದ್ದು ಮನೆಯವರಿಗೆ ಮತ್ತು ನನಗೆ ಮಾತ್ರ. ನಾವು ಎದುರು ಮನೆಯವರು, ರಕ್ತಸಂಬಂಧ ಇಲ್ಲ, ಬುದ್ಧಿ ಬಂದಾಗಿನಿಂದ ಮಾಮಿ ಎಂದೇ ಕರೆದದ್ದು. ಮನೆಯ ಎದುರಿನ ದೊಡ್ಡ ಕೋಣೆಯನ್ನು ಅವರು ಸಮುದ್ರ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಿದ್ದರು. ಅತಿಥಿಗಳ ಮೆಸೇಜುಗಳಿಗೆ ಹಿಂದಿ, ಇಂಗ್ಲಿಷಿನಲ್ಲಿ ಉತ್ತರಿಸುವ ಕೆಲಸ ನನ್ನದು. ಮಣಿಪಾಲದ ಕಾಲೇಜಿನಿಂದ ಬಂದವಳು ನೇರ ಅವರ ಅಡಿಗೆಮನೆಗೆ ಹೋಗುತ್ತಿದ್ದೆ. ಮೀನು ತಂದಾಗ, ಹಾಲು ಕಾಯಿಸುವಾಗ ಪಾತ್ರೆಯನ್ನು ನನ್ನ ಮೂಗಿನ ಕೆಳಗೆ ಹಿಡಿದು "ಸರಿ ಉಂಟಾ ನೋಡು" ಎನ್ನುತ್ತಿದ್ದರು. ಒಂದು ದಿನ ಯಾಕೆಂದು ಕೇಳಿದಾಗ ಹೇಳಿದರು. "ಅಡಿಗೆ ಮಾಡುವವಳಿಗೆ ಮೂಗೇ ಇಲ್ಲ ಅಂತ ಗೊತ್ತಾದ್ರೆ ಯಾರು ಉಣ್ಣುತ್ತಾರೆ? ನಾನು ಇರುವವರೆಗೆ ಎಲ್ಲೂ ಹೇಳಬೇಡ." ಹೇಳಲಿಲ್ಲ.

ಹಾಗಾದರೆ ಯಾರು ಒಳಗೆ ವೇಪ್, ಅಂದರೆ ಆ ಇ-ಸಿಗರೇಟು, ಎಳೆದರೂ ಅವರಿಗೆ ಹೇಗೆ ತಿಳಿಯುತ್ತಿತ್ತು? ಅದಕ್ಕೆ ಮನೆಯನ್ನು ನೋಡಬೇಕು. ಹಂಚಿನ ಮಾಡಿನ ಮನೆ. ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಮೇಲೆ ಒಂದು ಮೊಳದಷ್ಟು ಸಂದು. ಅತಿಥಿಗಳ ಕೋಣೆಗೆ ತಾಗಿದ ಕೋಣೆಯಲ್ಲಿ ಮಾಮಿಯ ಗಂಡ, ನನಗೆ ಮಾವ, ಮಲಗುತ್ತಿದ್ದರು. ಅವರು ಮಲ್ಪೆಯ ಬೋಟುಗಳಲ್ಲಿ ತಂಡೇಲರಾಗಿದ್ದವರು, ಬೋಟು ನಡೆಸುತ್ತಿದ್ದವರು. ಶ್ವಾಸಕೋಶ ಕೆಟ್ಟು ಸಮುದ್ರ ಬಿಟ್ಟರು. ಆ ಕಡೆ ಯಾರಾದರೂ ಹೊಗೆ ಬಿಟ್ಟರೆ ಸಂದಿನಿಂದ ಈ ಕಡೆ ಇಳಿಯುತ್ತಿತ್ತು, ಮಾವನಿಗೆ ಒಂದು ಬಗೆಯ ಒಣ ಕೆಮ್ಮು ಬರುತ್ತಿತ್ತು. ಮಾಮಿಯ ಮೂಗು ಅಂದರೆ ಅದು, ಮಾವನ ಕೆಮ್ಮು.

ಕೆಮ್ಮು ಕೇಳಿದೊಡನೆ ಅವರು ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಇಟ್ಟುಕೊಂಡು ಅತಿಥಿಗಳ ಬಾಗಿಲು ತಟ್ಟುತ್ತಿದ್ದರು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ಆದರೆ ಇವರಿಗೆ ಬಂದ ದಿನವೇ ಕೊಟ್ಟಾಗಿರುತ್ತಿತ್ತು. ಮಾಮಿ ಅದನ್ನೆಲ್ಲ ಮರೆತವರಂತೆ, ಅವರು ಆಗಷ್ಟೇ ಕಾರಿನಿಂದ ಇಳಿದವರಂತೆ, ಬನ್ನಿ ಕೂತುಕೊಳ್ಳಿ ಎಂದು ಬೆಲ್ಲ ಕೊಟ್ಟು, ಮತ್ತೆ ಮೊದಲಿನಿಂದ ಮನೆ ತೋರಿಸುತ್ತಿದ್ದರು. ಇದು ಬಚ್ಚಲು, ಇದು ಫ್ಯಾನಿನ ಸ್ವಿಚ್ಚು, ಆ ಪೆನ್ನು ಎಳೆಯುವುದಿದ್ದರೆ ಇದು ಜಗಲಿ. ವೇಪನ್ನು ಅವರು ಪೆನ್ನು ಎಂದೇ ಕರೆಯುತ್ತಿದ್ದರು. ಬೈಗುಳ ಇಲ್ಲ, ದಂಡ ಇಲ್ಲ. ಹೆಚ್ಚಿನವರು ನಾಚಿ ಜಗಲಿಗೆ ಹೋಗುತ್ತಿದ್ದರು.

ಒಬ್ಬ ಮಾತ್ರ ವಾದಕ್ಕೆ ನಿಂತ. ಹೆಂಡತಿಯೊಂದಿಗೆ ಬಂದಿದ್ದವನು. "ಆಂಟಿ, ನಿಮ್ಮ ಬೋರ್ಡಿನಲ್ಲಿ ಧೂಮಪಾನ ಬೇಡ ಅಂತ ಇದೆ. ಇದು ಹೊಗೆಯೇ ಅಲ್ಲ, ಬರೀ ಆವಿ."

ವ್ಯಾಖ್ಯೆಯ ಮೇಲೆ ಹಿಡಿದದ್ದು ಒಳ್ಳೆಯ ಪಟ್ಟು ಎಂದು ನನಗೆ ಒಳಗೊಳಗೇ ಮೆಚ್ಚಿಗೆಯಾಯಿತು. ಅದನ್ನು ಮಾರುವುದೇ ದೇಶದಲ್ಲಿ ನಿಷೇಧ ಎಂದು ಬಾಯಿ ತೆರೆಯುವಷ್ಟರಲ್ಲಿ ಮಾಮಿ ನನ್ನ ಕೈ ಅದುಮಿದರು.

"ಆವಿಯಾ? ಅಯ್ಯೋ, ಹೇಳಬಾರದಿತ್ತಾ? ಆವಿಗೆ ಈ ಮನೆಯಲ್ಲಿ ಅಡಿಗೆಕೋಣೆ ಉಂಟು. ಬನ್ನಿ, ಮೂಡೆ ಇಡ್ಲಿ ಬೇಯ್ತಾ ಉಂಟು, ಅದರ ಪಕ್ಕ ಕೂತು ನಿಮ್ಮ ಆವಿಯನ್ನೂ ಬಿಡಿ. ಬೆಂದದ್ದು ನೀವೇ ತಿನ್ನುವುದಲ್ವಾ?"

ಹೆಂಡತಿ ನಕ್ಕಳು. ಅವನೂ ನಕ್ಕು ಜಗಲಿಗೆ ಹೋದ.

ನನಗೆ ಈ ಪದ್ಧತಿಯೇ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ನನ್ನ ಭಾಷಣಗಳಿಗೆಲ್ಲ ಮೊದಲ ಶ್ರೋತೃ ಮಾಮಿಯೇ. ಅಲಸಂಡೆ ಮುರಿಯುತ್ತ ಪೂರ್ತಿ ಕೇಳುತ್ತಿದ್ದರು, ಸಪ್ಪೆಯಾದರೆ "ಸಾಕು, ಇನ್ನೊಂದು ಹೇಳು" ಎನ್ನುತ್ತಿದ್ದರು. ಅದೇ ಅಡಿಗೆಮನೆಯಲ್ಲಿ ನಾನು ಈ ವಾದವನ್ನೂ ಮಂಡಿಸಿದೆ. ಕೆಮ್ಮು ಬಂದ ಮೇಲೆ ಬೆಲ್ಲ ಒಯ್ದರೆ ಹೊಗೆ ಆಗಲೇ ಮಾವನ ಎದೆಯೊಳಗೆ ಹೋಗಿರುತ್ತದೆ. ಪಕ್ಕದ ಕೋಣೆಯಲ್ಲಿ ಉಸಿರಾಟದ ತೊಂದರೆ ಇರುವವರಿದ್ದಾರೆ ಎಂದು ಮೊದಲೇ ಹೇಳಿ. ಇಲ್ಲವಾದರೆ ಆ ಸಂದನ್ನು ಮುಚ್ಚಿಸಿ. "ಮಾವನನ್ನು ನೀವು ಎಚ್ಚರಿಕೆ ಗಂಟೆಯ ಹಾಗೆ ಇಟ್ಟುಕೊಂಡಿದ್ದೀರಿ" ಎಂದೂ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. "ಅವರ ಹೆಸರು ಹೇಳಿ ಯಾರಿಗೂ ಎಂತದೂ ಹೇಳಬಾರದು ಅಂತ ಅವರದ್ದೇ ಆಣೆ. ಸಂದು ಮುಚ್ಚಲಿಕ್ಕೂ ಬಿಡುವುದಿಲ್ಲ. ಬೋಟಿನಲ್ಲಿ ಸುತ್ತ ಅಷ್ಟು ಜನ ಮಾತಾಡ್ತಾ ಇರುವಾಗಲೇ ನಿದ್ರೆ ಮಾಡಿದವರು. ಈಗ ಆ ಕಡೆಯವರ ಮಾತು ಕೇಳದಿದ್ರೆ ಊಟವೇ ಇಳಿಯುವುದಿಲ್ಲ ಅವರಿಗೆ." ಸ್ವಲ್ಪ ತಡೆದು, "ಸರಿ, ಚರ್ಚೆಯಲ್ಲಿ ನೀನೇ ಗೆದ್ದೆ. ಈಗ ಆ ತೆಂಗಿನಕಾಯಿ ತುರಿ" ಎಂದರು.

ಹುಬ್ಬಳ್ಳಿಯ ಹುಡುಗರು ಬಂದದ್ದು ಅದಾದ ಮಳೆಗಾಲದಲ್ಲಿ. ಕಾರ್ಕಳದ ಬೆಟ್ಟ ಹತ್ತಿ ನೆನೆದು ಬಂದವರು, ಮರುದಿನ ಸಮುದ್ರಕ್ಕೆ ಇಳಿಯಲಾಗದೆ ಕೋಣೆಯಲ್ಲೇ ಉಳಿದರು. ಮಳೆಗೆ ಕಿಟಕಿ ಮುಚ್ಚಿತ್ತು. ಸಂಜೆ ಅವರೊಳಗೊಬ್ಬ ಏನೋ ತಮಾಷೆ ಹೇಳಿದ. ಗೋಡೆಯ ಈಚೆಯಿಂದ ಮಾವ ನಕ್ಕುಬಿಟ್ಟರು.

"ಯಾರ್ರಿ ಅದು ನಗೋದು?"

"ನಾನು, ಈ ಮನೆಯವ. ನೀವು ಹೇಳಿ, ಹೇಳಿ."

"ಕಾಕಾ, ನೀವೂ ಒಂದು ಹೇಳ್ರಿ ಮತ್ತ!"

ಮಾವ ಶುರು ಮಾಡಿದರು. ಗಾಳಿಗೆ ಸಿಕ್ಕ ಬೋಟು, ಬಲೆಗೆ ಬಿದ್ದ ತೊರಕೆ ಮೀನು, ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ ಅಡಿಗೆಯವ. ಆ ಕಡೆಯಿಂದ "ಆಮ್ಯಾಲೇನಾತ್ರಿ ಕಾಕಾ?" ಎಂಬ ಕೂಗು ಎದುರಿನ ನಮ್ಮ ಮನೆಗೂ ಕೇಳುತ್ತಿತ್ತು. ಮಾಮಿ ಅಡಿಗೆಮನೆಯಲ್ಲಿದ್ದರು. ನಗು ಕೇಳಿತು, ಕೆಮ್ಮು ಕೇಳಲಿಲ್ಲ. ಗಂಡ ಅಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಯಿತು ಎಂದು ಖುಷಿಯಲ್ಲಿ ಹುಡುಗರಿಗೆ ಒಂದು ಪಲ್ಯ ಹೆಚ್ಚಿಗೆ ಮಾಡಿದರಂತೆ.

ಬೆಳಿಗ್ಗೆ ಮಾವ ಮಂಚದ ಅಂಚಿನಲ್ಲಿ ಮೊಣಕಾಲಿಗೆ ಕೈ ಊರಿ ಕೂತಿದ್ದರು, ಒಂದು ಶಬ್ದ ಪೂರ್ತಿ ಹೇಳಲು ಉಸಿರು ಸಾಲುತ್ತಿರಲಿಲ್ಲ. ಉಡುಪಿಯ ಆಸ್ಪತ್ರೆಗೆ ಕರೆದೊಯ್ದದ್ದು ಆ ಹುಡುಗರೇ, ಅವರದೇ ಕಾರಿನಲ್ಲಿ. ಒಬ್ಬ ಸ್ಟ್ರೆಚರಿನ ಪಕ್ಕ ಅಳುತ್ತ, "ಸಂಜಿಪೂರ್ತಿ ಒಳಗೇ ಎಳದ್ವಿ ಅಕ್ಕಾರ. ನಮಗ ಒಂದ್ ಮಾತು ಹೇಳಬೇಕಿತ್ತಲ್ರಿ" ಎಂದ. ಮಾಮಿ ಅವನ ತಲೆ ಸವರಿದರು. ವೇಪಿನಿಂದಲೇ ಆಯಿತು ಎಂದು ನಾನು ಹೇಳಲಾರೆ, ಮಳೆಯ ಥಂಡಿಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಮಾಮಿ ಮಾತ್ರ ಎರಡನೆಯ ಕಾರಣವನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಮಾವ ಬದುಕಿ ಬಂದರು. ಮಾಮಿ ಆಣೆಯನ್ನು ಬದಿಗಿಟ್ಟು ಬಡಗಿಯನ್ನು ಕರೆಸಿ ಪ್ಲೈವುಡ್ಡಿನಿಂದ ಸಂದು ಮುಚ್ಚಿಸಿದರು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ಒಂದೇ ಮಾತು. "ಪಾತ್ರೆ ಸದ್ದಿನಲ್ಲಿ ನನಗೆ ಅವರ ಕೆಮ್ಮು ಕೇಳಲಿಲ್ಲ ನೋಡು." ಮಿಕ್ಸಿ ಹಾಕುವುದನ್ನು ಬಿಟ್ಟು ಕಲ್ಲಿನಲ್ಲಿ ಅರೆಯತೊಡಗಿದರು. ಮಾತಿನ ನಡುವೆ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ ಗೋಡೆಯ ಕಡೆ ಕಿವಿ ಕೊಡುತ್ತಿದ್ದರು. ಆ ಸಂಜೆ ಕೇಳಲು ಅಲ್ಲಿ ಕೆಮ್ಮೇ ಇದ್ದಿರಲಿಕ್ಕಿಲ್ಲ ಎಂಬ ಸಂಶಯ ನನಗೆ ಆಗಲೇ ಬಂದಿತ್ತು. ಮಾವ ಎಲ್ಲ ಕೇಳಿಸಿಕೊಳ್ಳುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಹೋದ ಬೇಸಗೆಯ ಕೊನೆಗೆ ಒಂದು ಮಧ್ಯಾಹ್ನ ಅರೆಯುವ ಕಲ್ಲಿನ ಮುಂದೆ ಕೂತಲ್ಲೇ ಮಾಮಿಯ ಹೃದಯ ನಿಂತಿತು.

ಮುಖ ನೋಡಿ ಮಾತಾಡುವ, ಎದುರಿಗಿದ್ದವರಿಗೆ ಹಿಂತಿರುಗಲು ಒಂದು ದಾರಿ ಬಿಟ್ಟು ವಾದಿಸುವ ಅಭ್ಯಾಸ ನನಗೇನಾದರೂ ಇದ್ದರೆ ಅದು ಆ ಅಡಿಗೆಮನೆಯದ್ದು. ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮೇಲೆ ಮಾವ ಜಗಲಿಯಲ್ಲಿ ಒಬ್ಬರೇ ಇದ್ದರು. ಸಂತೆಕಟ್ಟೆಯ ಮಗಳ ಮನೆಗೆ ಹೊರಡಲು ಬಟ್ಟೆಯ ಚೀಲ ಪಕ್ಕದಲ್ಲಿತ್ತು. ನಾನು ಹೋಗಿ ಎದುರಿಗೆ ಕೂತೆ. ಬಿಡುವಿಲ್ಲದ ಮಳೆ, ಕೇಳುವವರು ಯಾರೂ ಇರಲಿಲ್ಲ.

"ಮಾವ, ಆ ಸಂಜೆ ನಿಮಗೆ ಕೆಮ್ಮು ಬಂದಿರಲೇ ಇಲ್ವಾ, ಇಲ್ಲಾ ಆ ಹುಡುಗರ ಮಾತು ನಿಲ್ಲಬಾರದು ಅಂತ ತಡೆದು ಹಿಡಿದದ್ದಾ?"

ಅವರು ನನ್ನನ್ನು ನೋಡಿದರು. ಮತ್ತೆ ಬಟ್ಟೆಯ ಚೀಲವನ್ನು ಹತ್ತಿರ ಎಳೆದುಕೊಂಡರು.

"ತಡೆದದ್ದಾದ್ರೆ, ಮಾಮಿಗೆ ಅದನ್ನು ಒಂದು ಸಲವಾದ್ರೂ ಹೇಳಿದ್ದೀರಾ?"