ಇಬ್ಬರಿಗೊಂದು ಸೀರೆ

ಜವಳಿ ಅಂಗಡಿಯವರ ಮನೆಗೆ ಸೊಸೆಯಾಗಿ ಹೊರಟಾಗ ತವರಿನ ಹೆಂಗಸರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು. ನಿನಗೇನೇ, ದಿನಕ್ಕೊಂದು ಸೀರೆ ಅಂದರು. ದಿನಕ್ಕೊಂದಂತೆ! ಜಯಪುರಕ್ಕೆ ಬಂದು ಯುದ್ಧ ಹತ್ತಿಕೊಂಡ ಸ್ವಲ್ಪ ಕಾಲಕ್ಕೇ ನನಗೆ ಉಳಿದದ್ದು ಉಟ್ಟದ್ದೊಂದು, ಒಗೆದು ಹಾಕಿದ್ದೊಂದು. ಧಾರೆ ಸೀರೆ ಅತ್ತೆಯ ಟ್ರಂಕಿನಲ್ಲಿತ್ತು, ಬೀಗದ ಕೈ ಅವರ ಸೊಂಟದಲ್ಲಿತ್ತು.

ಮೊದಲೆಲ್ಲ ಮಾವನವರ ಅಂಗಡಿಗೆ ವಿಲಾಯಿತಿ ಮಲ್ಲು ಬಟ್ಟೆ, ಜಪಾನಿನ ಅಗ್ಗದ ರೇಷ್ಮೆ, ಮುಂಬಯಿ ಮಿಲ್ಲಿನ ಸೀರೆ ಎಲ್ಲ ಬರುತ್ತಿದ್ದವಂತೆ. ಹಡಗಿನಿಂದ ಮಂಗಳೂರಿನಲ್ಲಿ ಇಳಿದದ್ದು ಘಾಟಿ ಹತ್ತಿ ನಮ್ಮ ಕಪಾಟು ಸೇರುತ್ತಿತ್ತು. ಖಾದಿಯವರು ಬಂದು ಬೈದರೆ, ಕೂಲಿ ಮಾಡುವವರಿಗೆ ಅಗ್ಗದ್ದು ಬೇಡವೇ ಎಂದು ಮಾವ ವಾದಕ್ಕೆ ನಿಲ್ಲುತ್ತಿದ್ದರು. ಯುದ್ಧ ಬಂತು, ಹಡಗುಗಳು ಬಟ್ಟೆ ಬಿಟ್ಟು ಮದ್ದುಗುಂಡು ಹೊತ್ತವು. ಜಪಾನಿನವರು ಶತ್ರುಗಳಾದರು. ನಮ್ಮದೇ ಮಿಲ್ಲುಗಳ ಬಟ್ಟೆ ಸಿಪಾಯಿಗಳಿಗೆಂದು ಕಡಲಾಚೆ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಜಗಳ ಆಡಿದವರು ನಮಗೆ ಗಂಡನೂ ಅಲ್ಲ, ಹೆಂಡಿರೂ ಅಲ್ಲ. ಗೋಣಿ ಸುತ್ತಿಕೊಂಡವರು ಮಾತ್ರ ನಮ್ಮ ಕೊಪ್ಪ ಸೀಮೆಯ ಹೆಂಗಸರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬಂದ ಗಿರಾಕಿಗೆ 'ಇಲ್ಲ' ಅನ್ನಬಾರದು, ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಕಪಾಟಿನಲ್ಲಿ ಜೇಡ ಬಲೆ ಕಟ್ಟಿದ್ದರೂ 'ಬರ್ತದೆ, ಮುಂದಿನ ಸಂತೆಗೆ ಬಾ' ಅನ್ನಬೇಕು. ಅದು ಮಾವನವರ ಅಪ್ಪನ ಕಾಲದಿಂದ ಬಂದದ್ದು. ಮಾವ ಅದನ್ನು ಪೂಜೆಯಷ್ಟೇ ನಿಷ್ಠೆಯಿಂದ ಪಾಲಿಸುತ್ತಿದ್ದರು. ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಕ್ಕಿಲ್ಲ. ಅವರೂ ದಿನಾ ಬಸ್ಸಿನ ದಾರಿ ನೋಡುತ್ತಿದ್ದರು.

ಹಿರೇಕೊಡಿಗೆಯ ಕೂಲಿ ಹೆಂಗಸೊಬ್ಬಳು ಪ್ರತಿ ಸಂತೆಗೂ ನಡೆದುಕೊಂಡು ಬರುತ್ತಿದ್ದಳು. ಮಗ ಕಾಫಿ ತೋಟದ ಕೆಲಸಕ್ಕೆ ಹೋದವನು ಅಪರೂಪಕ್ಕೆ ಬರುವವನು. ಗುಡಿಸಲಲ್ಲಿ ಅವಳೂ ಅವಳ ಬಸುರಿ ಸೊಸೆಯೂ ಇಬ್ಬರೇ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸೀರೆ, ಅದೂ ನಾನು ಕೊಟ್ಟ ಹಳೆಯದು. ಒಬ್ಬಳು ಉಟ್ಟು ಹೊರಗೆ ಹೋದರೆ ಇನ್ನೊಬ್ಬಳು ಗೋಣಿ ಸುತ್ತಿಕೊಂಡು, ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕು. ಸೊಸೆಗೆ ದಿನ ತುಂಬುತ್ತಿತ್ತು. ನಾಲ್ಕು ಜನ ಬರುವ ಹೊತ್ತು, ಹುಡುಗಿಯ ಮೈಮೇಲೆ ಒಂದು ಸೀರೆ ಇರಲಿ ಎಂಬುದಷ್ಟೇ ಅವಳ ಆಸೆ.

ಟ್ರಂಕಿನಲ್ಲಿದ್ದ ನನ್ನ ಧಾರೆ ಸೀರೆಯನ್ನಾದರೂ ಕೊಡೋಣ ಎಂದು ನನ್ನ ಅತ್ತೆಯನ್ನು ಕೇಳಿದೆ. ಮುತ್ತೈದೆಯ ಧಾರೆ ಸೀರೆ ಹೊಸಿಲು ದಾಟಬಾರದು ಅಂದರು. ಊರಿಗೆಲ್ಲ ಗೋಣಿ, ನಮ್ಮ ಟ್ರಂಕಿಗೆ ರೇಷ್ಮೆ ಎಂದು ಗೊಣಗಿದೆ. ಅದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮಾವನವರಿಗೂ ಹೇಳಿದೆ, ಪಾಪ ಅಷ್ಟು ದೂರದಿಂದ ಬರುತ್ತಾಳೆ, ಒಂದು ಸಲ ಇಲ್ಲ ಅಂದುಬಿಡಿ ಅಂತ. ಅವರು ಬೈಯಲಿಲ್ಲ. ಬಾಗಿಲಿಗೆ ಬಂದವರ ಆಸೆಯನ್ನೂ ಕಿತ್ತುಕೊಂಡರೆ ನಾವು ಅಂಗಡಿ ತೆರೆಯುವುದಾದರೂ ಯಾಕಮ್ಮ ಎಂದು ಕೇಳಿದರು.

ಒಂದು ಸಂತೆಯ ದಿನ ಹಿರೇಕೊಡಿಗೆಯವಳು ಬೆಳಿಗ್ಗೆಯೇ ಬಂದಿದ್ದಳು. ಮಧ್ಯಾಹ್ನಕ್ಕೆ ಹೊರಡಲು ಎದ್ದಳು. ಸೊಸೆಗೆ ಬೆಳಗಿನಿಂದ ಸೊಂಟ ಹಿಡಿದ ಹಾಗಿದೆ, ಒಬ್ಬಳೇ ಇದ್ದಾಳೆ ಅಂದಳು. ಶಿವಮೊಗ್ಗದಿಂದ ಬಟ್ಟೆಯ ಬೇಲು ಕಳಿಸುತ್ತೇವೆಂದು ಮಾವನವರಿಗೆ ಯಾರೋ ಹೇಳಿಕಳಿಸಿದ್ದರು.

"ಕೂತ್ಕೋ ಮಾರಾಯ್ತಿ, ಬಸ್ಸು ಬರ್ಲಿ. ಇವತ್ತು ಬಂದೇ ಬರ್ತದೆ. ಕಟ್ಟು ಬಿಚ್ಚಿದ ಮೊದಲ್ನೇ ಸೀರೆ ನಿಂಗೇ," ಅಂದರು ಮಾವ.

ಅವಳು ಕೂತಳು. ನಾನೇ ಒಂದು ಲೋಟ ಕಾಫಿ ಕೊಟ್ಟೆ. ಆಗಿನ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದಲ್ಲಿ ನಿಂತುಬಿಡುತ್ತಿದ್ದವು. ಅದು ಬಂದಾಗ ಹೊತ್ತು ಮುಳುಗುತ್ತಿತ್ತು. ಬಸ್ಸಿನ ಮೇಲೆ ಬೆಲ್ಲದ ಡಬ್ಬ ಇತ್ತು, ಸೀಮೆಎಣ್ಣೆಯ ಡಬ್ಬ ಇತ್ತು. ಬೇಲು ಇರಲಿಲ್ಲ.

ಅವಳು ಮನೆ ಮುಟ್ಟುವಷ್ಟರಲ್ಲಿ ಸೊಸೆಯೂ ಹೋಗಿದ್ದಳು, ಮಗುವೂ ಹೋಗಿತ್ತು. ಗದ್ದೆಯ ಆಚೆ ಜನ ಭತ್ತದ ಒಕ್ಕಲಾಟ ಮಾಡುತ್ತಿದ್ದರು. ಕೂಗಿದರೆ ಬರುವವರು ಗಂಡಸರು ಎಂದು ಹುಡುಗಿ ಕೂಗಲಿಲ್ಲವೋ, ಕೂಗಿದ್ದು ಅವರಿಗೆ ಕೇಳಲಿಲ್ಲವೋ, ಯಾರಿಗೆ ಗೊತ್ತು? ಅಗಣಿ ಮಾತ್ರ ಒಳಗಿನಿಂದ ಹಾಕಿಯೇ ಇತ್ತು. ಬಾಗಿಲು ಮುರಿಯಬೇಕಾಯಿತಂತೆ. ಇದ್ದ ಒಂದು ಸೀರೆಯನ್ನು ಅವಳು ತನ್ನ ಮೈಯಿಂದ ಬಿಚ್ಚಿ ಸೊಸೆಗೆ ಉಡಿಸಿದಳು. ಮಗುವನ್ನೂ ಅದರ ಸೆರಗಿನಲ್ಲೇ ಸುತ್ತಿ ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಿದರು.

ಸುದ್ದಿ ಕೇಳಿದ ಮೇಲೆ ಮಾವ ಗಿರಾಕಿಗಳಿಗೆ 'ಬರ್ತದೆ' ಅನ್ನುವುದನ್ನು ಬಿಟ್ಟರು. 'ಇಲ್ಲ' ಅನ್ನಲೂ ನಾಲಿಗೆ ಏಳಲಿಲ್ಲ. ತಲೆ ತಗ್ಗಿಸಿ ಕೂರುತ್ತಿದ್ದರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಕೆಲವು ವಾರಗಳಾದ ಮೇಲೆ ಒಂದು ಸಣ್ಣ ಬೇಲು ಬಂತು. ಮಾವ ಕಟ್ಟು ಬಿಚ್ಚಿ, ಮೊದಲ ಸೀರೆ ತೆಗೆದಿಟ್ಟುಕೊಂಡರು. ಉಳಿದದ್ದು ಬಿಸಿಲು ಏರುವ ಮೊದಲೇ ಖರ್ಚಾಯಿತು. ಆಮೇಲೆ ಮಾವ, ನೀನೂ ಬಾ, ನಾನು ಗಂಡಸು, ಅವಳು ಹೊರಗೆ ಬರಲಾರಳು ಎಂದು ನನ್ನನ್ನೂ ಕರೆದುಕೊಂಡು ಹಿರೇಕೊಡಿಗೆಗೆ ನಡೆದರು.

ಬಾಗಿಲು ಹಾಕಿತ್ತು. ಮಾವ ದೂರ ನಿಂತಿದ್ದಾರೆ, ನನಗೊಬ್ಬಳಿಗೇ ತೆಗೆ, ಸೀರೆ ತಂದಿದ್ದೇವೆ ಅಂದೆ. ಒಳಗೆ ಗೋಣಿ ಸರಿದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ.

"ನಂಗ್ಯಾಕೆ ಅಮ್ಮಾ ಸೀರೆ? ಉಟ್ಕಂಡು ನಾ ಎಲ್ಲಿಗೆ ಹೋಗ್ಲಿ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ ದೂರ ನಿಂತ ಮಾವನವರಿಗೂ ಕೇಳುವ ಹಾಗೆ ಅಂದಳು, "ಅಂಗ್ಡಿ ಮೆಟ್ಲಲ್ಲಿ ಯಾರಾರೂ ಕಾಯ್ತಾ ಕೂತಿರ್ತಾರೆ. ಬೇಗ ಹೋಗಿ ಅವ್ರಿಗೆ ಕೊಡಿ ಸಾವ್ಕಾರ್ರೆ. ಅವ್ರ ಮನೇಲೂ ಒಬ್ಳು ಒಳ್ಗೆ ಇರ್ತಾಳೆ."

ಮಾವ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದರು. ಜಯಪುರ ಮುಟ್ಟಿದಾಗ ಅಂಗಡಿಯ ಮೆಟ್ಟಿಲ ತುಂಬ ಹೆಂಗಸರು ಕೂತಿದ್ದರು. ಮಾವನ ಕಂಕುಳಲ್ಲಿದ್ದ ಒಂದೇ ಒಂದು ಸೀರೆ ನೋಡಿ ಎಲ್ಲರೂ ಒಟ್ಟಿಗೆ ಎದ್ದು ನಿಂತರು.